ಪೆರೇಸಂದ್ರದ ನಡುರಾತ್ರಿ

೧೯೬೦ರ ಆಸುಪಾಸಿನ ಮಾತು. ಪೆರೇಸಂದ್ರದ ಹತ್ತಿರದ ಹುಣಿಸೆ ತೋಪಿನಲ್ಲಿ ಆ ದಿನ ಇದ್ದವರು ಆರೇ ಜನ. ಡೈರೆಕ್ಟರು, ಕ್ಯಾಮೆರಾದವರು, ಅವರ ಸಹಾಯಕ, ಮೇಕಪ್ಪಿನ ರಾಮಣ್ಣ, ನಾನು, ಮತ್ತು ನನ್ನ ಕಾವಲಿಗೆ ಬಂದಿದ್ದ ದೊಡ್ಡಮ್ಮ. ನನಗಾಗ ಹತ್ತೊಂಬತ್ತು. ಚಿಂತಾಮಣಿಯ ನಾಟಕ ಕಂಪನಿಯಲ್ಲಿ ಪಾರ್ಟು ಮಾಡುತ್ತಿದ್ದೆ. ಸಿನಿಮಾದವರೆಂದು ಹೇಳಿಕೊಂಡು ಬಂದು ಹೆಣ್ಣುಮಕ್ಕಳನ್ನು ಕರೆದೊಯ್ದವರ ಕಥೆಗಳು ನಮ್ಮ ಬೀದಿಯಲ್ಲಿ ಬೇಕಾದಷ್ಟಿದ್ದವು. ಹಾಗಾಗಿ "ಪತ್ತೇದಾರಿ ಪಿಕ್ಚರು, ಸಣ್ಣ ಕಂಪನಿ" ಎಂದು ಡೈರೆಕ್ಟರು ಮನೆಗೆ ಬಂದಾಗಲೇ ದೊಡ್ಡಮ್ಮ ಅವರನ್ನು ಮೇಲಿಂದ ಕೆಳಗೆ ಅಳೆದಿದ್ದಳು.

ಬಿಸಿಲು ನೆತ್ತಿಗೇರಿತ್ತು. ಕೈಗೊಂದು ಲಾಟೀನು ಕೊಟ್ಟು ಡೈರೆಕ್ಟರು ಹೇಳಿದರು: "ಇದು ನಡುರಾತ್ರಿ ಕಣಮ್ಮ. ಹಿಂದೆ ಕೊಲೆಗಾರ ಬರ್ತಾ ಇದಾನೆ. ತಡವರಿಸ್ಕೊಂಡು ನಡಿ."

ದೊಡ್ಡಮ್ಮ ನನ್ನ ಕಿವಿಗೆ ಬಾಯಿಟ್ಟಳು. "ಅಯ್ಯೋ ದೇವುಡಾ, ಈ ಬಿಸಿಲ್ನಾಗೆ ನಡುರಾತ್ರಿ ಅಂತಾನಲ್ಲೇ! ಕುಡಿದಿದಾನೇನೇ?"

ಕ್ಯಾಮೆರಾದ ಕಣ್ಣಿಗೆ ಕೆಂಪು ಗಾಜು ಹಾಕಿದ್ದರು. ನಾನು ನಾಲ್ಕು ಸಲ ನಡೆದೆ. ಐದನೆಯ ಸಲ ನಡೆದು ಬರುವಾಗ, "ಈಗ ಫಿಲಂ ಹಾಕ್ಲಾ ಸಾರ್?" ಎಂದು ಸಹಾಯಕ ಕೇಳಿದ್ದು ನಮ್ಮಿಬ್ಬರಿಗೂ ಕೇಳಿಸಿತು.

"ಹಂಗಾದ್ರೆ ಇಷ್ಟೊತ್ತು ಖಾಲಿ ಪೆಟ್ಟಿಗೆ ಮುಂದೆ ಕುಣಿಸಿದ್ರಾ ನಮ್ಮ ಹುಡುಗೀನ?" ಎಂದು ದೊಡ್ಡಮ್ಮ ಎದ್ದು ನಿಂತಳು.

"ಫಿಲಂ ದುಬಾರಿ ಅಮ್ಮ. ಮೊದ್ಲು ಅಭ್ಯಾಸ, ಆಮೇಲೆ ಫಿಲಂ" ಎಂದು ಡೈರೆಕ್ಟರು ನಕ್ಕರು. ಆ ನಗು ನನಗೆ ಸರಿಕಾಣಲಿಲ್ಲ. ಆದರೂ ಫಿಲಂ ಹಾಕಿದ ಮೇಲೆ ಎರಡು ಸಲ ನಡೆದೆ.

ಆಮೇಲೆ ಡೈರೆಕ್ಟರು ಗುಡ್ಡದ ಹಿಂದಿನ ಪಾಳು ಮಂಟಪದ ಕಡೆ ಕೈತೋರಿಸಿ, "ಉಳಿದದ್ದು ಅಲ್ಲಿ. ಕಾರಲ್ಲಿ ಜಾಗ ಇಲ್ಲ, ದೊಡ್ಡಮ್ಮ ಇಲ್ಲೇ ಇರ್ಲಿ" ಎಂದರು.

ನಮ್ಮ ಬೀದಿಯ ಕಥೆಗಳೆಲ್ಲ ನನಗೆ ನೆನಪಾದವು. ದೊಡ್ಡಮ್ಮ ಬಾಯಿ ತೆರೆಯುವ ಮೊದಲೇ ನಾನು ಮರದ ಮರೆಗೆ ಹೋಗಿ, ಕಂಪನಿಯ ಸೀರೆ ಬಿಚ್ಚಿಟ್ಟು ನನ್ನದನ್ನು ಉಟ್ಟುಕೊಂಡು ಬಂದೆ. ಇಬ್ಬರೂ ಹಿಂದೆ ನೋಡದೆ ರಸ್ತೆಗೆ ನಡೆದೆವು. "ಎರಡೇ ಎರಡು ಷಾಟಮ್ಮಾ!" ಎಂದು ಡೈರೆಕ್ಟರು ಕೂಗುತ್ತಲೇ ಇದ್ದರು. ಬಸ್ಸು ಹತ್ತಿದ ಮೇಲೆ ದೊಡ್ಡಮ್ಮ, "ಬದುಕಿದ್ವಿ ಕಣೇ" ಎಂದಳು.

ಮರುವರ್ಷ ಆ ಪಿಕ್ಚರು ಚಿಂತಾಮಣಿಯ ಟೆಂಟಿಗೆ ಬಂತು. ಸಂಜೆಯ ಆಟಕ್ಕೆ ಇಬ್ಬರೂ ಹೋದೆವು. ಆ ಕೆಂಪು ಗಾಜಿನಿಂದಲೇ ಇರಬೇಕು, ಪರದೆಯ ಮೇಲೆ ಆ ಸುಡುಬಿಸಿಲು ಬೆಳುದಿಂಗಳಾಗಿತ್ತು. ಕಪ್ಪು ಆಕಾಶ, ಕಪ್ಪು ಹುಣಿಸೆ ಮರ, ಅದರ ಕೆಳಗೆ ನಾನು. ಜನ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಮುಂದೆ ಪಾಳು ಮಂಟಪ ಬಂತು. ಅಲ್ಲಿ ಮುಖದ ತುಂಬ ಸೆರಗು ಹೊದ್ದು, ಬೆನ್ನು ತೋರಿಸಿಕೊಂಡು ಓಡಿದವಳು ನಾನಲ್ಲ. ನಾನು ಬಿಚ್ಚಿಟ್ಟು ಬಂದ ಸೀರೆಯೇನೋ ಹೌದು, ಆ ಅಗಲ ಭುಜ ಮಾತ್ರ ಮೇಕಪ್ಪಿನ ರಾಮಣ್ಣನದು. ಕಥೆಯಲ್ಲಿ ಆ ಹೆಂಗಸು ಅಲ್ಲಿಗೇ ಸತ್ತುಹೋದಳು.

ಮತ್ತೆ ಯಾವ ಸಿನಿಮಾದವರೂ ನನ್ನನ್ನು ಹುಡುಕಿಕೊಂಡು ಬರಲಿಲ್ಲ. ದೊಡ್ಡಮ್ಮನ ಮೇಲೆ ಸಿಟ್ಟು ಮಾಡಿಕೊಳ್ಳೋಣವೆಂದರೆ, ಮೊದಲು ಹೆಜ್ಜೆ ಕಿತ್ತವಳು ನಾನೇ. ಅಂದು ಹೆದರಿದ್ದು ತಪ್ಪೆನ್ನಲು ಈಗಲೂ ನನಗೆ ಬಾಯಿ ಬರುವುದಿಲ್ಲ. ಆದರೆ ಆ ಎರಡು ಷಾಟು ಇಂದಿಗೂ ಕೊರೆಯುತ್ತವೆ.

ನಾವು ಆಟ ನೋಡಿ ಬಂದ ಮರುಸಂಜೆ ದೊಡ್ಡಮ್ಮ ಬೀದಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ತಾನೇ ಮತ್ತೆ ಟೆಂಟಿಗೆ ಹೋದಳು. ಮಂಟಪದಲ್ಲಿ ಸೆರಗು ಹೊದ್ದವಳು ಓಡಿ ಬಂದಾಗ, ಯಾರೂ ಕೇಳದೆಯೇ, "ಅದೂ ನಮ್ಮ ಹುಡುಗೀನೇ" ಎಂದಳಂತೆ.