ಬ್ರೂಕ್‌ಫೀಲ್ಡ್‌ನ ಸಗರ ಚಕ್ರವರ್ತಿ

ನಿವೃತ್ತಿಯಾದ ಮೇಲೆ ನಾನು ಬೆಂಗಳೂರಿನ ಬ್ರೂಕ್‌ಫೀಲ್ಡ್‌ನ ಒಂದು ಅಪಾರ್ಟ್‌ಮೆಂಟಿಗೆ ಬಂದೆ. ಅಲ್ಲಿ ಕನ್ನಡ ನೆನಪಾಗುವುದು ವರ್ಷಕ್ಕೊಮ್ಮೆ, ನವೆಂಬರಿನಲ್ಲಿ. ಸರ್ಕಾರಿ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಲೇತ್ ಯಂತ್ರದ ಮುಂದೆ ನಿಂತವನು ನಾನು. ಅಲ್ಲಿನ ಕನ್ನಡ ಸಂಘಕ್ಕೆ ಪೌರಾಣಿಕ ನಾಟಕ ಬರೆದುಕೊಡುತ್ತಿದ್ದೆನೆಂಬ ಸುದ್ದಿ ಲಿಫ್ಟಿನಲ್ಲಿ ಹೇಗೋ ಹಬ್ಬಿ, ಒಂದು ಭಾನುವಾರ ನಿವಾಸಿಗಳ ಸಂಘದ ಅಧ್ಯಕ್ಷರೇ ನಮ್ಮ ಮನೆಗೆ ಬಂದರು.

ಅಧ್ಯಕ್ಷರು ದಾವಣಗೆರೆ ಕಡೆಯವರು. ಸಾಫ್ಟ್‌ವೇರ್ ಕಂಪನಿಯಲ್ಲಿ ದೊಡ್ಡ ಹುದ್ದೆ, ಹಣೆಯ ಮೇಲೆ ಅಚ್ಚುಕಟ್ಟಾದ ವಿಭೂತಿ. ಆರು ವರ್ಷದಿಂದ ಅವರೇ ಅಧ್ಯಕ್ಷರು. ಬೇರೆ ಯಾರೂ ಮುಂದೆ ಬರುವುದಿಲ್ಲವೆಂದು ಬೇಸರಪಡುತ್ತಿದ್ದರು. ಯಾರಾದರೂ ಮುಂದೆ ಬಂದರೆ ಇನ್ನೂ ಹೆಚ್ಚು ಬೇಸರಪಡುತ್ತಿದ್ದರು. ರಾಜ್ಯೋತ್ಸವಕ್ಕೆ ನಾಟಕ ಬೇಕು, ರಾಜನ ಕಥೆಯೇ ಆಗಬೇಕು ಎಂದರು. ರಾಜನ ಪಾತ್ರ ಯಾರದು ಎಂದು ನಾನು ಕೇಳಲಿಲ್ಲ. ಅಷ್ಟು ದಡ್ಡನಲ್ಲ.

ನಾನು ಸಗರನ ಕಥೆ ಆರಿಸಿಕೊಂಡೆ. ಅವನಿಗೆ ಅರವತ್ತು ಸಾವಿರ ಮಕ್ಕಳು. ಕಳೆದುಹೋದ ಯಜ್ಞದ ಕುದುರೆಯನ್ನು ಹುಡುಕುತ್ತಾ ಅವರು ಭೂಮಿಯನ್ನೆಲ್ಲ ಅಗೆದರು. ಪಾತಾಳದಲ್ಲಿ ಕಪಿಲ ಮುನಿಯನ್ನೇ ಕಳ್ಳನೆಂದು ಬೈದು, ಅವನ ಕಣ್ಣಿನ ಬೆಂಕಿಗೆ ಬೂದಿಯಾದರು. ಅವರಿಗೆ ಸದ್ಗತಿ ಕೊಡಿಸಲು ಎಷ್ಟೋ ಕಾಲದ ಮೇಲೆ ಭಗೀರಥ ಗಂಗೆಯನ್ನು ತಂದ. ಆ ವರ್ಷದ ಬೇಸಿಗೆಯಲ್ಲಿ ನಮ್ಮ ಅಧ್ಯಕ್ಷರು ಅಂಗಳದಲ್ಲಿ ಮೂರು ಕೊಳವೆಬಾವಿ ಕೊರೆಸಿ, ಮೂರರಲ್ಲೂ ಯಶಸ್ವಿಯಾಗಿ ದೂಳೆಬ್ಬಿಸಿದ್ದರು. ಪಾತ್ರಕ್ಕೆ ಬೇಕಾದ ಅನುಭವ ಅವರಿಗೆ ಧಾರಾಳವಾಗಿತ್ತು.

ನಾಟಕ ಓದಿದ ದಿನವೇ ಅವರು ತಕರಾರು ತೆಗೆದರು. ಗಂಗೆ ಬರುವಾಗ ಸಗರ ವೇದಿಕೆಯ ಮೇಲಿದ್ದು ಆಶೀರ್ವಾದ ಮಾಡಬೇಕಂತೆ. ಭಗೀರಥ ಸಗರನ ಮೊಮ್ಮಗನ ಮೊಮ್ಮಗ, ಆ ಹೊತ್ತಿಗೆ ಸಗರ ಸತ್ತು ಯಾವ ಕಾಲವಾಗಿತ್ತೋ ಎಂದು ನಾನು ವಿವರಿಸಿದೆ.

“ಅಡ್ಜಸ್ಟ್ ಮಾಡಿ ಸಾರ್. ಪುರಾಣ ತಾನೆ,” ಎಂದರು ಅಧ್ಯಕ್ಷರು.

ಎರಡನೆಯ ತಕರಾರು ತೆಗೆದವರು ಎರಡನೆಯ ಮಹಡಿಯ ಅಜ್ಜಿ. ಬೆಳಗಾವಿ ಕಡೆಯ ಜೈನರು. ಮಗಳು ಅಳಿಯನ ಜೊತೆ ಇದ್ದರು. ಅವರ ಪುರಾಣದಲ್ಲಿ ಕುದುರೆಯೂ ಇಲ್ಲ, ಮುನಿಯ ಸಿಟ್ಟೂ ಇಲ್ಲ. ಕೈಲಾಸದ ಬಸದಿಗಳ ಕಾವಲಿಗೆಂದು ಸಗರನ ಮಕ್ಕಳು ಸುತ್ತಲೂ ಕಂದಕ ತೋಡುತ್ತಾರೆ. ರಾಜನಿಗೆ ವೈರಾಗ್ಯ ಹುಟ್ಟಿಸಬೇಕೆಂದು ಅವನ ಹಳೆಯ ಗೆಳೆಯನಾದ ದೇವನೊಬ್ಬ ಹಾವಿನ ರೂಪದಲ್ಲಿ ಬಂದು ಅವರನ್ನೆಲ್ಲ ಮೂರ್ಛೆಗೆ ಕೆಡವುತ್ತಾನೆ. ಆಮೇಲೆ ಮುದುಕನ ವೇಷದಲ್ಲಿ ಅರಮನೆಗೆ ಬಂದು, ಸತ್ತ ತನ್ನ ಮಗನನ್ನು ಬದುಕಿಸಿಕೊಡೆಂದು ಅಳುತ್ತಾನೆ. ಸಾವು ಯಾರನ್ನೂ ಬಿಡದು ಎಂದು ರಾಜ ಉಪದೇಶಿಸುತ್ತಾನೆ. ಹಾಗಾದರೆ ನಿನ್ನ ಮಕ್ಕಳೂ ಹೋದರು, ಅದೇ ಮಾತನ್ನು ನಿನಗೂ ಹೇಳಿಕೋ ಎನ್ನುತ್ತಾನೆ ಮುದುಕ. ರಾಜ ಕಿರೀಟ ಇಳಿಸಿಟ್ಟು ಕಾಡಿಗೆ ಹೊರಡುತ್ತಾನೆ. ಮಕ್ಕಳು ಆಮೇಲೆ ಎಚ್ಚರಗೊಳ್ಳುತ್ತಾರೆ.

ಯಾವ ಸಗರ ಅಧಿಕೃತ ಎಂದು ವಾಟ್ಸ್ಯಾಪ್ ಗುಂಪಿನಲ್ಲಿ ಮತದಾನ ನಡೆಯಿತು. ಸಾಗರಕ್ಕೆ ನಾವೂ ಹೋಗಿದ್ದೇವೆ, ಅಲ್ಲಿಂದ ಜೋಗ ತುಂಬಾ ಹತ್ತಿರ ಎಂದು ಒಬ್ಬರು ಬರೆದರು. ಅವರೂ ಮತ ಹಾಕಿದರು. ಅಧ್ಯಕ್ಷರಿಗಂತೂ ಕಿರೀಟ ಇಳಿಸುವ ಕಥೆ ಹಿಡಿಸಲಿಲ್ಲ. ಅದರಿಂದ ಸಮಾಜಕ್ಕೆ ತಪ್ಪು ಸಂದೇಶ ಹೋಗುತ್ತದೆ ಎಂದರು. ಕೊನೆಗೆ ವಿವಾದ ಬಗೆಹರಿದದ್ದು ನೀರಿನಿಂದ. ನಾವು ಸ್ನಾನ ಮಾಡುವುದೇ ಟ್ಯಾಂಕರ್ ಬಂದರೆ. ವೇದಿಕೆಯ ಮೇಲೆ ಗಂಗೆ ಹರಿಸಲು ಒಂದು ಬಕೆಟ್ ನೀರನ್ನೂ ಕೊಡುವುದಿಲ್ಲವೆಂದು ನಿರ್ವಹಣಾ ಸಮಿತಿ ಖಡಾಖಂಡಿತವಾಗಿ ಹೇಳಿತು. ಹೀಗೆ ನೀರಿಲ್ಲದ ಕಾರಣಕ್ಕೆ ವೈರಾಗ್ಯ ಗೆದ್ದಿತು. ಅಧ್ಯಕ್ಷರ ಸಮಾಧಾನಕ್ಕೆ ಸಾವಿನ ಬಗೆಗಿನ ಉಪದೇಶವನ್ನು ನಾನು ಎರಡು ಪುಟಕ್ಕೆ ಬೆಳೆಸಿದೆ. ನಿಜ ಹೇಳಬೇಕೆಂದರೆ, ಅದು ನನ್ನದೇ ಸಮಾಧಾನಕ್ಕೆ. ಕಾರ್ಖಾನೆಯ ನಾಟಕಗಳಲ್ಲೂ ನಾನು ಅಷ್ಟು ಚೆನ್ನಾಗಿ ಬರೆದಿರಲಿಲ್ಲ.

ಮುದುಕನ ಪಾತ್ರವನ್ನು ಮುದುಕಿಯದಾಗಿಸಿ ತಾನೇ ಮಾಡುತ್ತೇನೆಂದು ಅಜ್ಜಿ ಹಟ ಹಿಡಿದರು. ಈ ವಯಸ್ಸಿನಲ್ಲಿ ರಂಗದ ಹುಚ್ಚು ನೋಡು ಎಂದು ನಾನು ಹೆಂಡತಿಯ ಹತ್ತಿರ ನಕ್ಕೆ.

ಭಾನುವಾರಗಳಂದು ಕ್ಲಬ್‌ಹೌಸಿನಲ್ಲಿ ತಾಲೀಮು. ಅರವತ್ತು ಸಾವಿರ ಮಕ್ಕಳ ಪಾತ್ರಕ್ಕೆ ಸಿಕ್ಕವರು ಆರು ಜನ ಎಂಜಿನಿಯರುಗಳು. ಅವರಲ್ಲಿ ಇಬ್ಬರಿಗೆ ಯಾವಾಗಲೂ ಮೀಟಿಂಗ್. ಮೂರ್ಛೆ ಹೋಗಿ ಮಲಗಿರುವ ದೃಶ್ಯಕ್ಕೆ ಮಾತ್ರ ಎಲ್ಲರೂ ತಪ್ಪದೆ ಬರುತ್ತಿದ್ದರು. ಅಧ್ಯಕ್ಷರು ಉಪದೇಶವನ್ನು ಒಂದಕ್ಷರ ಬಿಡದೆ ಬಾಯಿಪಾಠ ಮಾಡಿದರು. ಕಿರೀಟ ಇಳಿಸುವ ಜಾಗ ಬಂದಾಗಲೆಲ್ಲ ಅವರಿಗೆ ಫೋನ್ ಬರುತ್ತಿತ್ತು.

ನಾಟಕದ ಸಂಜೆ ಅಂಗಳ ತುಂಬಿತ್ತು. ಮೊದಲರ್ಧ ಸಾಂಗವಾಗಿ ಮುಗಿಯಿತು. ಆರು ಮಕ್ಕಳೂ ವೇದಿಕೆಯ ಒಂದು ಮೂಲೆಯಲ್ಲಿ ಮೂರ್ಛೆ ಹೋಗಿ ಮಲಗಿದರು. ಅಜ್ಜಿ ಬಿಳಿ ಸೀರೆಯಲ್ಲಿ ಬಂದು ಸಿಂಹಾಸನದ ಮುಂದೆ ಕೂತು, ಮಗನನ್ನು ಬದುಕಿಸಿಕೊಡೆಂದು ಕೇಳಿದರು. ಅಧ್ಯಕ್ಷರು ಉಪದೇಶ ಶುರು ಮಾಡಬೇಕಿತ್ತು. ಶುರು ಮಾಡಲಿಲ್ಲ. ಮರೆತರೋ ಏನೋ, ಬರೆಯದೆ ಇದ್ದ ಒಂದು ಮಾತು ಕೇಳಿಬಿಟ್ಟರು.

“ಮಗನಿಗೆ ವಯಸ್ಸೆಷ್ಟಾಗಿತ್ತು, ತಾಯಿ?”

“ಇಪ್ಪತ್ತಾರು,” ಎಂದರು ಅಜ್ಜಿ. “ಪೀಣ್ಯಾದಾಗ ಕೆಲಸಕ್ಕಿದ್ದ.”

ಜನ ಗೊಳ್ಳೆಂದು ನಕ್ಕರು. ನನಗೆ ಮೈಯೆಲ್ಲ ಉರಿಯಿತು; ಸಗರನ ಕಾಲದಲ್ಲಿ ಪೀಣ್ಯದ ಕಾರ್ಖಾನೆ ಎಲ್ಲಿಂದ ಬಂತು?

ಅಜ್ಜಿ ನಗು ನಿಲ್ಲುವವರೆಗೂ ಕಾದರು. ಆಮೇಲೆ ರಾಜನ ಮುಖವನ್ನೇ ನೋಡುತ್ತಾ ಹೇಳಿದರು. “ಮುಂಜಾನಿ ಡಬ್ಬಿ ತಗೊಂಡು ಹೋದಾಂವ, ಸಂಜಿಗೆ ಬರಲಿಲ್ಲ. ಯಂತ್ರದಾಗ ಸಿಕ್ಕೊಂಡಾನಂತ ಫೋನ್ ಬಂತು. ನಾ ಇನ್ನೂ ಅಡಿಗಿ ಮಾಡಾಕತ್ತಿದ್ದೆ.”

ಮುಂದಿನ ಸಾಲಿನಲ್ಲಿದ್ದ ಅವರ ಮಗಳು ಎದ್ದು ನಿಂತಳು. ಇದು ನಾಟಕವಲ್ಲ ಎಂದು ನನಗೆ ಗೊತ್ತಾದದ್ದು ಆಗ.

ನಾನು ಪರದೆಯ ಪಕ್ಕದಲ್ಲಿ ಉಪದೇಶದ ಹಾಳೆ ಹಿಡಿದು ನಿಂತಿದ್ದೆ. ಮೊದಲ ಸಾಲನ್ನು ಪಿಸುಗುಟ್ಟಿದೆ. ಅಧ್ಯಕ್ಷರಿಗೆ ಅದು ಕೇಳಿಸಿತು, ನನ್ನ ಕಡೆ ತಿರುಗಿಯೂ ನೋಡಿದರು. ಆದರೆ ಹೇಳಲಿಲ್ಲ. ಸಿಂಹಾಸನದಿಂದಿಳಿದು ಅಜ್ಜಿಯ ಪಕ್ಕದಲ್ಲಿ ನೆಲದ ಮೇಲೆ ಕೂತರು. ಸ್ವಲ್ಪ ಹೊತ್ತಾದ ಮೇಲೆ ಕಿರೀಟ ತೆಗೆದು ಪಕ್ಕಕ್ಕಿಟ್ಟರು. ತಾಲೀಮಿನಲ್ಲಿ ಒಮ್ಮೆಯೂ ಮಾಡದಿದ್ದ ಕೆಲಸ ಅದು.

ಮಲಗಿದ್ದ ಮಕ್ಕಳಿಗೆ ಏಳುವ ಸೂಚನೆ ಕೊಡುವವರು ಯಾರೂ ಇರಲಿಲ್ಲ. ಅಜ್ಜಿಯೇ ಮೊಣಕಾಲ ಮೇಲೆ ಕೈಯೂರಿ ಎದ್ದು, ಒಬ್ಬೊಬ್ಬರ ಬೆನ್ನು ತಟ್ಟಿ ಎಬ್ಬಿಸಿದರು. ಆ ಎಂಜಿನಿಯರುಗಳು ನಿಜವಾಗಿಯೂ ನಿದ್ದೆಯಿಂದ ಎದ್ದವರ ಹಾಗೆ ಪೆಚ್ಚಾಗಿ ಸಾಲುಗಟ್ಟಿ ನಿಂತರು.

ಮರುತಿಂಗಳು ಸಂಘದ ಸಭೆ ನಡೆದು ಅಧ್ಯಕ್ಷರು ಅವಿರೋಧವಾಗಿ ಮತ್ತೆ ಆರಿಸಿಬಂದರು. ವೇದಿಕೆಯ ವೈರಾಗ್ಯ ಅಷ್ಟು ದೂರ ನಡೆಯುವಂಥದ್ದಲ್ಲ. ಆದರೂ ಈಗ ಭಾನುವಾರ ಬೆಳಿಗ್ಗೆ ಅವರು ಅಜ್ಜಿಯ ಮನೆಗೆ ಹೋಗಿ ಚಹಾ ಕುಡಿದು ಬರುತ್ತಾರೆ. ಏನು ಮಾತಾಡುತ್ತಾರೋ ಯಾರಿಗೂ ಗೊತ್ತಿಲ್ಲ.

ನಾನೂ ಒಂದು ದಿನ ಹೋದೆ, ರಂಗದ ಹುಚ್ಚೆಂದು ನಕ್ಕಿದ್ದಕ್ಕೆ ಕ್ಷಮೆ ಕೇಳಲು. ರಾಜ ಅಂದು ಹೇಳದೆ ಬಿಟ್ಟ ಮಾತು ಏನಿತ್ತು, ಓದಿ ಎಂದರು ಅಜ್ಜಿ. ಓದಿದೆ. ಅರ್ಧ ಪುಟಕ್ಕೆ ನಿಲ್ಲಿಸಿ ಹಾಳೆ ಮಡಚಿದೆ.

“ಚಲೋ ಬರದೀರಿ,” ಎಂದರು. “ಆದ್ರ ಮಗ ಹೋದಾಗ ನಮ್ಮನಿಗೆ ಬಂದು ಯಾರರ ಹಿಂಗ ಮಾತಾಡಿದ್ರ, ನಾ ಎದ್ದು ಒಳಗ ಹೋಗ್ತಿದ್ದೆ.”

ಕಾರ್ಖಾನೆಯಲ್ಲಿ ನನ್ನ ಪಕ್ಕದ ಯಂತ್ರದಲ್ಲಿದ್ದ ಗೆಳೆಯನ ಮಗಳು ತೀರಿಕೊಂಡಾಗ, ಅವನ ಮನೆಯಲ್ಲಿ ಕೂತು ನಾನು ಅರ್ಧ ಗಂಟೆ ಸಾವಿನ ಬಗ್ಗೆ ಸೊಗಸಾಗಿ ಮಾತಾಡಿದ್ದೆ. ಕಾಫಿ ತರುತ್ತೇನೆಂದು ಒಳಗೆ ಹೋದ ಅವನು, ನಾನು ಹೊರಡುವವರೆಗೂ ಹೊರಗೆ ಬರಲಿಲ್ಲ. ದುಃಖ ತಡೆಯಲಾಗಲಿಲ್ಲವೇನೋ ಎಂದುಕೊಂಡು ನಾನು ಬಸ್ ಹತ್ತಿದ್ದೆ.