ಮೇ ತಿಂಗಳಲ್ಲಿ ಹರಿಯುತ್ತಿದ್ದ ಮಳೆಚರಂಡಿ

2004ನೇ ಇಸವಿ. ದೆಹಲಿಯ ಒಂದು ಸರ್ಕಾರಿ ಪ್ರಯೋಗಾಲಯದಲ್ಲಿ ನಾನು ನೀರಿನ ಗುಣಮಟ್ಟ ಪರೀಕ್ಷಿಸುವ ಕೆಮಿಸ್ಟ್. ವಾಸ ಕಿದ್ವಾಯಿ ನಗರದ ಕ್ವಾರ್ಟರ್ಸಿನಲ್ಲಿ. ಬೆಳಿಗ್ಗೆ ಕೂಲರಿನ ಒದ್ದೆ ಲಾವಂಚದ ಪರಿಮಳಕ್ಕೆ ಏಳುವುದು, ಹಗಲೆಲ್ಲ ನಾಲೆಗಳ ದಂಡೆಯಲ್ಲಿ ಮೂಗು ಮುಚ್ಚಿಕೊಂಡು ನಿಲ್ಲುವುದು, ಭಾನುವಾರ ಚಾಣಕ್ಯಪುರಿಯಲ್ಲಿ ನಮ್ಮ ರಾಜ್ಯದ ಅತಿಥಿಗೃಹಕ್ಕೆ ಹೋಗಿ ದೋಸೆ ತಿನ್ನುತ್ತಾ ಊರಿನವರೊಡನೆ ಹರಟುವುದು. ಈಗ ನೆನೆದರೆ ಆ ನಾಲೆಗಳೂ ಅಷ್ಟೇನು ನಾರುತ್ತಿರಲಿಲ್ಲ ಅನ್ನಿಸುತ್ತದೆ. ವಯಸ್ಸಾದಂತೆ ಮೂಗೂ ಉದಾರಿಯಾಗುತ್ತದೆ.

ನನ್ನ ಪಾಲಿಗೆ ಬಂದದ್ದು ಯಮುನೆಗೆ ಸೇರುವ ಮಳೆಚರಂಡಿಗಳು. ಊರಿನ ಕೊಳಚೆಗೆ ಒಂದು ದಾರಿ, ಮಳೆನೀರಿಗೆ ಇನ್ನೊಂದು. ಕೊಳಚೆ ಶುದ್ಧೀಕರಣ ಘಟಕಕ್ಕೆ ಹೋಗಬೇಕು, ಮಳೆನೀರು ನೇರವಾಗಿ ನದಿಗೆ. ದೆಹಲಿಯಲ್ಲಿ ಮಳೆಗಾಲ ಎಂದರೆ ಎರಡು ಮೂರು ತಿಂಗಳು. ಹಾಗಾಗಿ ಮೇ ತಿಂಗಳಲ್ಲಿ ಮಳೆಚರಂಡಿ ಒಣಗಿ ಬಿರುಕು ಬಿಟ್ಟಿರಬೇಕು. ಹರಿಯುತ್ತಿದ್ದರೆ ಅದು ಯಾರದೋ ಮನೆಯ ನೀರು. ಇಷ್ಟು ಸರಳ ವಿಷಯವನ್ನು ಜನರಿಗೆ ತಿಳಿಸುವುದರಲ್ಲೇ ನನ್ನ ಅರ್ಧ ನೌಕರಿ ಸವೆಯಿತು.

ಆ ಮೇ ತಿಂಗಳಲ್ಲಿ ಮುನಿರ್ಕಾದ ಆಚೆಗಿನ ಒಂದು ಕಾಲೊನಿಯ ಚರಂಡಿ ಭರ್ಜರಿಯಾಗಿ ಹರಿಯುತ್ತಿತ್ತು. ಅಲ್ಲಿನ ನಿವಾಸಿಗಳ ಸಂಘದ ಅಧ್ಯಕ್ಷರು ನಿವೃತ್ತ ಕರ್ನಲ್ ಪೂವಯ್ಯ, ಕೊಡಗಿನವರು. ಅತಿಥಿಗೃಹದ ದೋಸೆಯ ಸಾಲಿನಲ್ಲಿ ಪರಿಚಯವಾದವರು. ನೆಟ್ಟಗೆ ನಿಲ್ಲುವ ಮನುಷ್ಯ, ಮಾತೂ ಹಾಗೆಯೇ. ವಾಸನೆ ತಾಳಲಾರದೆ ಕಾಲೊನಿಯವರು ಚರಂಡಿಯ ಮೇಲೆ ಕಾಂಕ್ರೀಟ್ ಚಪ್ಪಡಿ ಹಾಕಿಸಲು ಓಡಾಡಿ ಮಂಜೂರಾತಿ ತಂದಿದ್ದರು. ಚಪ್ಪಡಿಗಳು ರಸ್ತೆ ಬದಿಯಲ್ಲಿ ಪೇರಿಸಿಯೂ ಆಗಿತ್ತು. ಸೋಮವಾರ ಕೆಲಸ ಶುರು.

ನನಗೆ ಗಾಬರಿಯಾದದ್ದು ಅದಕ್ಕೇ. ಒಮ್ಮೆ ಮುಚ್ಚಿದರೆ ಒಳಗೆ ಏನು ಬೀಳುತ್ತಿದೆ ಎಂದು ಯಾರೂ ನೋಡುವುದಿಲ್ಲ. ಯಮುನೆಗೆ ಹೋಗುವುದು ಹೋಗುತ್ತಲೇ ಇರುತ್ತದೆ. ಕೆಲಸ ತಡೆಯುವ ಅಧಿಕಾರ ನನಗಿರಲಿಲ್ಲ. ಸಂಘ ಬೇಡ ಎಂದರೆ ಮಾತ್ರ ನಿಲ್ಲುತ್ತಿತ್ತು.

"ಮೇಡಮ್, ಗಲೀಜು ನಮ್ಮದಲ್ಲ. ಮುನಿರ್ಕಾ ಕಡೆಯಿಂದ ಬರುತ್ತೆ. ಅಲ್ಲಿ ಒಂದೊಂದು ಕೋಣೆಯಲ್ಲಿ ನಾಲ್ಕು ನಾಲ್ಕು ಬಾಡಿಗೆ ಹುಡುಗರು," ಎಂದರು ಕರ್ನಲ್.

ನಾನು ಚರಂಡಿಯ ಗುಂಟ ಮೇಲಕ್ಕೆ ನಡೆದೆ. ಕಾಲೊನಿಯ ಗಡಿ ದಾಟುತ್ತಲೇ ನೀರು ನಿಂತಿತು. ಅದರಾಚೆ ಬರೀ ಒಣ ಮಣ್ಣು, ಪ್ಲಾಸ್ಟಿಕ್ ಚೀಲ, ಬಿಸಿಲಿಗೆ ಮಲಗಿದ ನಾಯಿ. ನೀರು ಹುಟ್ಟುತ್ತಿದ್ದದ್ದು ಕಾಲೊನಿಯೊಳಗೇ. ಪರೀಕ್ಷೆಯಲ್ಲಿ ಬಿಒಡಿ, ಅಂದರೆ ನೀರಿನ ಕೊಳಕು ತಿಂದುಹಾಕುವ ಆಮ್ಲಜನಕದ ಲೆಕ್ಕ, ಅಪ್ಪಟ ಕೊಳಚೆಯದೇ ಎಂದು ಬಂತು. ವರದಿ ಹಿಡಿದು ಸಂಘದ ಸಭೆಗೆ ಹೋದೆ. ಜನ ಗೌರವದಿಂದ ಚಹಾ ಕೊಟ್ಟು, ಗೌರವದಿಂದಲೇ ನಂಬಲಿಲ್ಲ. "ಅಚ್ಛಾ, ಲ್ಯಾಬ್ ಮೇ ಕುಛ್ ಗಡಬಡ್ ಹುವಾ ಹೋಗಾ," ಲ್ಯಾಬಿನಲ್ಲೇ ಏನೋ ಎಡವಟ್ಟಾಗಿರಬೇಕು ಎಂದು ಒಬ್ಬರು ಸಮಾಧಾನ ಬೇರೆ ಹೇಳಿದರು.

ಕೊನೆಗೆ ಬಣ್ಣದ ಪರೀಕ್ಷೆ ಮಾಡೋಣ ಎಂದೆ. ಫ್ಲೋರೆಸಿನ್ ಎಂಬ ಪುಡಿ, ವಿಷವಲ್ಲ, ಚಿಟಿಕೆ ಬಿದ್ದರೆ ಸಾಕು ನೀರೆಲ್ಲ ಗಿಳಿಹಸಿರು. ಮನೆಯ ಶೌಚಾಲಯದಲ್ಲಿ ಹಾಕಿ ನೀರು ಬಿಟ್ಟರೆ, ಪೈಪು ಸರಿಯಿದ್ದಲ್ಲಿ ಬಣ್ಣ ಕೊಳಚೆ ಗುಂಡಿಯಲ್ಲಿ ಕಾಣಿಸಬೇಕು. ಮಳೆಚರಂಡಿಯಲ್ಲಿ ಕಂಡರೆ ಜೋಡಣೆ ತಪ್ಪು. ಯಾರ ಮನೆ ಮೊದಲು ಎಂದು ಜನ ಮುಖ ಮುಖ ನೋಡಿಕೊಂಡರು. ಕರ್ನಲ್ ಎದ್ದು ನಿಂತರು. "ನನ್ನ ಮನೆ. ಕಮಾಂಡಿಂಗ್ ಆಫೀಸರ್ ಮೊದಲು."

ಭಾನುವಾರ ಬೆಳಿಗ್ಗೆ ಅರ್ಧ ಕಾಲೊನಿ ಚಹಾದ ಲೋಟ ಹಿಡಿದು ಮೋರಿಯ ಮೇಲೆ ನಿಂತಿತ್ತು. ಕರ್ನಲರ ಹೆಂಡತಿ ಚೋಂದಮ್ಮ ಮಹಡಿಯಲ್ಲಿ ಪುಡಿ ಹಾಕಿ ನೀರು ಬಿಟ್ಟರು. ಕರ್ನಲ್ ಕೈಕಟ್ಟಿ ನಿಂತಿದ್ದರು. ಸ್ವಲ್ಪ ಹೊತ್ತಿಗೆ ಅವರ ಮನೆಯ ಹಿಂಬದಿಯ ಪೈಪಿನಿಂದ ಹಸಿರು ನೀರು ಚರಂಡಿಗೆ ಇಳಿಯಿತು. ಮಹಡಿ ಎಬ್ಬಿಸುವಾಗ ಮೇಸ್ತ್ರಿ ಮನೆ ಮುಂದಿನ ಕೊಳಚೆ ಪೈಪಿನವರೆಗೆ ಅಗೆಯುವುದು ಯಾಕೆಂದು ಹಿಂದಿನ ಮಳೆಪೈಪಿಗೇ ಸೇರಿಸಿಬಿಟ್ಟಿದ್ದ. ನನ್ನ ವರದಿ ನಿಜವಾಯಿತೆಂದು ಹಿಗ್ಗಬೇಕಿತ್ತು. ಕರ್ನಲರ ಮುಖ ನೋಡಲಾಗದೆ ಚರಂಡಿಯ ಕಡೆಗೇ ತಿರುಗಿದೆ.

ಹಿಂದಿನಿಂದ ಯಾರೋ ಮೆಲ್ಲನೆ, "ಚಲೋ, ಕಲ್ ಢಕ್ ದೇಂಗೇ," ಎಂದರು. ನಾಳೆ ಮುಚ್ಚಿಬಿಟ್ಟರಾಯಿತು. ಹಲವರು ತಲೆಯಾಡಿಸಿದರು. ಈಗ ಮುಚ್ಚಲು ನಾಚಿಕೆಯೂ ಒಂದು ಕಾರಣ, ನನ್ನ ಪರೀಕ್ಷೆ ಚಪ್ಪಡಿಗೇ ಅನುಕೂಲವಾಯಿತಲ್ಲ ಎಂದುಕೊಂಡೆ.

ಅಷ್ಟರಲ್ಲಿ ಚೋಂದಮ್ಮ ಸೆರಗಿಗೆ ಕೈ ಒರೆಸುತ್ತಾ ಇಳಿದು ಬಂದರು. "ಬಂತಾ?" ಎಂದರು. ಜನ ದಾರಿ ಬಿಟ್ಟರು. ಇಣುಕಿ ನೋಡಿ ಅಲ್ಲೇ ನಿಂತರು.

"ನಾನು ಇಲ್ಲಿಗೇ ಹಾಕ್ತಿದ್ದೆನಲ್ಲ," ಎಂದರು ನನ್ನ ಕಡೆ ತಿರುಗಿ. ಪ್ರತಿ ವರ್ಷ ತುಲಾ ಸಂಕ್ರಮಣಕ್ಕೆ ಊರಿಂದ ಕಾವೇರಿ ತೀರ್ಥ ಬರುತ್ತಿತ್ತು. ಹೊಸದು ಬಂದಾಗ ದೇವರ ಕೋಣೆಯಲ್ಲಿ ಉಳಿದ ಹಳೆಯದನ್ನು ತುಳಿಯದ ಜಾಗದಲ್ಲಿ ಬಿಡಬೇಕು. "ಇದು ಮಳೆ ನೀರಿನ ಕಾಲುವೆ, ಯಮುನೆಗೆ ಹೋಗುತ್ತೆ ಅಂತ ಇವರೇ ಹೇಳಿದ್ರು. ಮಳೆಗಾಲ ಆದ ಹೊಸದರಲ್ಲಿ ವಾಸನೆಯೂ ಕಮ್ಮಿ ಇರ್ತಿತ್ತು. ತಾಯಿನ ತಾಯಿ ಹತ್ರ ಕಳಿಸ್ತೀನಿ ಅಂದ್ಕೊಂಡು ಕೈ ಮುಗಿದು ಬಿಡ್ತಿದ್ದೆ. ನಮ್ಮನೆ ಕಕ್ಕಸಿನ ನೀರಿಗೆ ಬಿಟ್ಟೆನಾ?"

ಕನ್ನಡ ಬಾರದವರು ಏನಂತೆ ಏನಂತೆ ಎಂದು ಕೇಳಿದರು. ಕರ್ನಲ್ ಅವರ ಕಡೆ ತಿರುಗಿ, ಹೆಂಡತಿಯ ಮಾತನ್ನು ಒಂದಕ್ಷರ ಬಿಡದೆ ಹಿಂದಿಯಲ್ಲಿ ಹೇಳಿದರು. ಕಕ್ಕಸಿನ ಮಾತನ್ನೂ ನುಂಗಲಿಲ್ಲ. ಹರಿದ್ವಾರದಿಂದ ಗಂಗಾಜಲ ತಂದು ಮನೆಯಲ್ಲಿಟ್ಟುಕೊಂಡ ಜನ ಅವರು, ಅರ್ಥ ಬಿಡಿಸಿ ಹೇಳಬೇಕಾಗಲಿಲ್ಲ. "ಚಪ್ಪಡಿ ಬೇಡ," ಎಂದರು ಕರ್ನಲ್. "ಮೊದಲು ನನ್ನ ಪೈಪು ಕೀಳಿಸ್ತೀನಿ. ಮೇಡಮ್, ಪಕ್ಕದ ಮನೆಗೆ ಪುಡಿ ಕೊಡಿ." ಪಕ್ಕದ ಮನೆಯಾಕೆ ತಾನಾಗಿಯೇ ಕೈ ಚಾಚಿದಳು.

ಬಣ್ಣ ಮನೆಯಿಂದ ಮನೆಗೆ ಹೋಯಿತು. ಪೈಪು ಬದಲಿಸುವಾಗ ಜಗಳಗಳೂ ಆದವು, ಮಾತು ಬಿಟ್ಟವರೂ ಇದ್ದರು. ಆದರೂ ಮಳೆಗಾಲ ಮುಗಿಯುವ ಹೊತ್ತಿಗೆ ಆ ಚರಂಡಿ ಒಣಗಿತ್ತು. ಜನರಿಗೆ ನದಿಯ ಮೇಲೆ ಅಕ್ಕರೆಯಿಲ್ಲ ಎಂದು ನಾವು ಕಚೇರಿಯಲ್ಲಿ ಕೂತು ಬೈಯುತ್ತಿದ್ದೆವು. ಅಕ್ಕರೆ ಬೇಕಾದಷ್ಟಿತ್ತು, ತಮ್ಮ ಮನೆಯ ನೀರು ಎಲ್ಲಿಗೆ ಹೋಗುತ್ತದೆಂಬುದು ಗೊತ್ತಿರಲಿಲ್ಲ. ಅದನ್ನು ಕಣ್ಣಿಗೆ ಕಾಣಿಸುವುದೇ ನನ್ನ ಕೆಲಸ ಎಂದು ಅವತ್ತು ತಿಳಿಯಿತು.

ಅಕ್ಟೋಬರಿನಲ್ಲಿ ಚೋಂದಮ್ಮ ಫೋನ್ ಮಾಡಿದರು. ಹೊಸ ತೀರ್ಥ ಬಂದಿದೆ, ಈಗ ಹಳೆಯದನ್ನು ಇಲ್ಲಿ ಬಿಡಬಹುದಾ ಎಂದು ಕೇಳಿದರು. ಸುಳ್ಳು ಹೇಳುವ ಆಸೆಯಾಯಿತು. "ನಿಮ್ಮ ಕಾಲೊನಿ ಸರಿಯಾಗಿದೆ, ಯಮುನೆಯ ದಾರಿಯಲ್ಲಿ ಮುಂದಿನದು ಇನ್ನೂ ಆಗಿಲ್ಲ," ಎಂದೆ.

ಚೋಂದಮ್ಮ ಕೇಳಿದರು, "ಆ ಪುಡಿ ನಿಮ್ಮ ಹತ್ರ ಇನ್ನೂ ಇದೆಯಾ? ಭಾನುವಾರ ತನ್ನಿ. ಮುಂದಿನ ಕಾಲೊನಿಯವರ ಹತ್ರ ನಾನೇ ಮಾತಾಡ್ತೀನಿ."