ಪರಿಚಯದ ಡಾಕ್ಟರು

ನನ್ನ ಚಿಕ್ಕಮ್ಮ ಕಾರು ಓಡಿಸುವುದನ್ನು ಕಲಿಸುತ್ತಿದ್ದಳು. ಕಲಿಯುವವರ ಪಕ್ಕದ ಸೀಟಿನಲ್ಲಿ ಅವಳು. ಅವಳ ಕಾಲಡಿಯಲ್ಲೂ ಒಂದು ಬ್ರೇಕು. ಅವರು ಗಾಬರಿಬಿದ್ದು ಕಣ್ಣು ಮುಚ್ಚಿಕೊಂಡಾಗ ಇವಳ ಬಲಗಾಲು ಬ್ರೇಕು ತುಳಿಯುತ್ತಿತ್ತು, ಬಾಯಿ ಅವರ ಚಳಿ ಬಿಡಿಸುತ್ತಿತ್ತು. “ಸ್ಟೇರಿಂಗ್ ಹಿಡ್ಕೊಳ್ರೀ ಅಂದ್ರೆ ತಬ್ಬಿಕೊಳ್ತೀರಲ್ರೀ, ಅದೇನು ನಿಮ್ಮ ಹೆಂಡ್ತೀನಾ?” ಎಂದು ಬ್ಯಾಂಕ್ ಮ್ಯಾನೇಜರೊಬ್ಬರನ್ನು ನಡುರಸ್ತೆಯಲ್ಲಿ ಕೇಳಿದವಳು. ಬೈಸಿಕೊಂಡವರೇ ಆಮೇಲೆ ತಮ್ಮ ಮಕ್ಕಳನ್ನೂ ಅವಳ ಹತ್ತಿರ ಕಳಿಸುತ್ತಿದ್ದರು.

ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ, “ದಿನವಿಡೀ ಪಕ್ಕದಲ್ಲಿ ಕೂತು ಇನ್ನೊಬ್ಬರ ತಪ್ಪಿಗೆ ಬ್ರೇಕ್ ಹಾಕ್ತೀನಿ. ಮನೆಗೆ ಬಂದೂ ಅದೇ ಕೆಲಸ ಮಾಡ್ಲಾ?” ಎನ್ನುತ್ತಿದ್ದಳು.

ಆ ಬಲಗಾಲಿನ ತೊಡೆಯ ಮೇಲೆ ಒಂದು ಗಂಟು ಎದ್ದಿತು. ನೋವಿಲ್ಲ, ಏನಿಲ್ಲ, ಸುಮ್ಮನೆ ಬೆಳೆಯುತ್ತಿತ್ತು. ಅವಳ ಅಣ್ಣ, ಅಂದರೆ ನನ್ನ ಸೋದರಮಾವ, ಆಸ್ಪತ್ರೆಗಳಿಗೆ ಮಂಚ ಸರಬರಾಜು ಮಾಡುವವರು. ಊರಿನ ಅರ್ಧ ಡಾಕ್ಟರುಗಳು ಅವರಿಗೆ ಗೊತ್ತು. ನಮ್ಮ ಮನೆಯಲ್ಲಿ ಯಾರಿಗೆ ನೆಗಡಿಯಾದರೂ ಮಾವನಿಗೆ ಫೋನು ಹೋಗುತ್ತಿತ್ತು: “ಪರಿಚಯದ ಡಾಕ್ಟರು ಯಾರಾದ್ರೂ ಇದ್ದಾರಾ?” ಒಳ್ಳೆಯ ಡಾಕ್ಟರು ಯಾರು ಎಂದು ಯಾರೂ ಕೇಳಿದ್ದಿಲ್ಲ. ಪರಿಚಯದವರಾದರೆ ಕಾಯಿಸುವುದಿಲ್ಲ, ನಗುತ್ತ ಮಾತಾಡಿಸುತ್ತಾರೆ. ಅಷ್ಟಕ್ಕೇ ನಮಗೆ ಅರ್ಧ ಕಾಯಿಲೆ ವಾಸಿಯಾದಂತೆ.

ಮಾವನ ಪರಿಚಯದ ಸರ್ಜನ್ ಗಂಟನ್ನು ಎರಡು ಬೆರಳಲ್ಲಿ ಒತ್ತಿ ನೋಡಿ, “ಕೊಬ್ಬಿನ ಗಂಟು ಅಷ್ಟೇ, ತೆಗೆದುಬಿಡೋಣ” ಎಂದರು. ಸ್ಕ್ಯಾನ್ ಮಾಡಿಸಲಿಲ್ಲ. ಸೂಜಿ ಹಾಕಿ ಒಂದು ಚೂರು ತೆಗೆದು ಪರೀಕ್ಷಿಸಲಿಲ್ಲ. ತೊಡೆಯನ್ನು ಅಡ್ಡಕ್ಕೆ ಕೊಯ್ದರು, ಗಂಟು ತೆಗೆದರು, ಹೊಲಿದರು, ಮಾವನ ಜೊತೆ ಟೀ ಕುಡಿದರು. ತೆಗೆದದ್ದನ್ನು ಲ್ಯಾಬಿಗೆ ಕಳಿಸಿದ್ದೊಂದು ಪುಣ್ಯ. ವರದಿ ಬಂತು: ಸಾರ್ಕೋಮಾ. ಮಾಂಸಖಂಡದಲ್ಲಿ ಹುಟ್ಟುವ ಅಪರೂಪದ ಕ್ಯಾನ್ಸರು. ಪೂರ್ತಿ ತೆಗೆದಿಲ್ಲ, ಒಳಗೆ ಇನ್ನೂ ಉಳಿದಿದೆ ಎಂದೂ ಬರೆದಿತ್ತು.

ಸರ್ಜನ್ “ಛೆ, ಹೀಗಾಗಬಾರದಿತ್ತು” ಎಂದರು. ಆಗಿದ್ದಲ್ಲ ಸ್ವಾಮಿ, ನೀವು ಮಾಡಿದ್ದು. ಈಗ ಬರೆಯುವಾಗಲೂ ನನಗೆ ಮೈ ಉರಿಯುತ್ತದೆ.

ಮಾವ ಕೈಕಟ್ಟಿ ಕೂರಲಿಲ್ಲ. ಇನ್ನೂ ದೊಡ್ಡ ಪರಿಚಯ ಹುಡುಕಿದರು. ದೊಡ್ಡ ಆಸ್ಪತ್ರೆ, ತಾನೇ ತೆರೆದುಕೊಳ್ಳುವ ಗಾಜಿನ ಬಾಗಿಲು, ಗೋಡೆ ತುಂಬ ಡಾಕ್ಟರು ಬಹುಮಾನ ತಗೊಳ್ಳುವ ಫೋಟೊ. ಆ ಕ್ಯಾನ್ಸರ್ ಡಾಕ್ಟರು ಚಿಕ್ಕಮ್ಮನ ಕಾಲು ಮುಟ್ಟಿಯೂ ನೋಡಲಿಲ್ಲ. ವರದಿ ಓದಿ ಮಾವನ ಕಡೆ ತಿರುಗಿದರು. “ಕಾಲು ತೆಗೆಯೋದೇ ಸೇಫ್. ಸೋಮವಾರ ಅಡ್ಮಿಟ್ ಮಾಡಿ.”

ಮಾವ ತಲೆಯಾಡಿಸಿಯೂ ಬಿಟ್ಟರು. ಚಿಕ್ಕಮ್ಮ ಕುರ್ಚಿಯ ತುದಿಗೆ ಬಂದಳು.

“ಡಾಕ್ಟ್ರೇ, ಕಾಲು ನಂದು, ಈ ಕಡೆ ನೋಡಿ ಮಾತಾಡಿ. ಇಂಥದ್ದು ನೀವು ಎಷ್ಟು ಮಾಡಿದ್ದೀರಿ?”

“ಇಪ್ಪತ್ತು ವರ್ಷದಿಂದ ಕ್ಯಾನ್ಸರ್ ಆಪರೇಷನ್ ಮಾಡ್ತಿದ್ದೀನಮ್ಮ.”

“ಅದಲ್ಲ. ಈ ಸಾರ್ಕೋಮಾ?”

ಅವರು ಪೆನ್ನಿನ ಮುಚ್ಚಳ ಹಾಕಿದರು. “ಇದು ಬಹಳ ಅಪರೂಪ.”

“ಅಪರೂಪ ಅಂತ ನಂಗೂ ಗೊತ್ತು. ನೀವು ಎಷ್ಟು ನೋಡಿದ್ದೀರಿ?”

“ನಂಬಿಕೆ ಇಲ್ದಿದ್ರೆ ಬೇರೆ ಕಡೆ ಹೋಗಿ” ಎಂದು ಅವರು ಮುಂದಿನವರನ್ನು ಕರೆಯಲು ಗಂಟೆ ಒತ್ತಿದರು.

ಮಾವ ಕಾರಿಡಾರಿನಲ್ಲೇ ರೇಗಿದರು. “ನನ್ನ ಮಾನ ಮೂರು ಕಾಸಿಗೆ ಹರಾಜು ಹಾಕಿದೆಯಲ್ಲೇ! ಅವರು ನಂಗೆ ಎಷ್ಟು ವರ್ಷದ ಪರಿಚಯ ಗೊತ್ತಾ?”

“ನೀನು ಅವರಿಗೆ ಪರಿಚಯ ಅಣ್ಣ. ನನ್ನ ಕಾಯಿಲೆ ಅವರಿಗೆ ಪರಿಚಯ ಇಲ್ವಲ್ಲ!”

ಬೆಂಚಿನ ಮೇಲೆ ಕೂತಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ.

ಮಾರನೆಯ ದಿನದಿಂದ ನಾನೂ ಅವಳೂ ಅದೊಂದೇ ಪ್ರಶ್ನೆ ಹಿಡಿದು ಆಸ್ಪತ್ರೆಗಳಿಗೆ ಫೋನ್ ಮಾಡತೊಡಗಿದೆವು. “ನಮ್ಮಲ್ಲಿ ಎಲ್ಲಾ ಥರದ ಕ್ಯಾನ್ಸರ್ ನೋಡ್ತೀವಿ” ಎನ್ನುವ ನಯವಾದ ದನಿಗಳು. ಎಷ್ಟು ನೋಡಿದ್ದೀರಿ ಎಂದರೆ ಫೋನಿನಲ್ಲಿ ಹಾಡು ಹಾಕಿ ಕಾಯಿಸುತ್ತಿದ್ದರು. ಒಬ್ಬಳಿಗೆ ಸಾರ್ಕೋಮಾ ಎಂದದ್ದು “ಸಾರ್, ಕೋಮಾ” ಎಂದು ಕೇಳಿಸಿತಂತೆ. “ಕೋಮಾದಲ್ಲಿ ಇರೋದು ಯಾರು?” ಎಂದು ಕೇಳಿದಳು. ಚಿಕ್ಕಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗುತ್ತಲೇ ಅತ್ತಳು. ಅವಳು ಅತ್ತದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಕೊನೆಗೆ ದಾರಿ ತೋರಿಸಿದ್ದು ವರದಿಗೆ ಸಹಿ ಹಾಕಿದ್ದ ಲ್ಯಾಬಿನ ಡಾಕ್ಟರು. “ಇದನ್ನೇ ನೋಡೋ ತಂಡ ಒಂದಿದೆ, ದೂರ ಆಗುತ್ತೆ. ಪರವಾಗಿಲ್ಲ, ಹೋಗಿ. ಅಲ್ಲೀವರೆಗೂ ಇನ್ಯಾರೂ ಕತ್ತಿ ಹಾಕೋಕೆ ಬಿಡಬೇಡಿ” ಎಂದರು. ಇಷ್ಟು ಹೇಳಲು ಅವರ ನಾಲಿಗೆಯೇನೂ ಸವೆಯಲಿಲ್ಲ. ಮಿಕ್ಕವರಿಗೇನು ಬಂದಿತ್ತು ರೋಗ?

ರೈಲಿನಲ್ಲಿ ಹೋದೆವು. ಮಾವನೂ ಬಂದರು, ಪೆಟ್ಟಿಗೆ ಹೊತ್ತವರೂ ಅವರೇ. ಅಲ್ಲಿನ ಡಾಕ್ಟರಮ್ಮ ಗಾಯದ ಗುರುತಿನ ಮೇಲೆ ಬೆರಳಾಡಿಸಿ ನೋಡಿದರು, ಏನು ಕೆಲಸ ಮಾಡ್ತೀರಿ ಎಂದು ಕೇಳಿದರು, ಸ್ಕ್ಯಾನ್ ಮಾಡಿಸಿದರು, ಜೊತೆಯ ಡಾಕ್ಟರುಗಳೊಂದಿಗೆ ಕೂತು ಮಾತಾಡಿದರು, ಆಮೇಲೆ ಕರೆದರು. ಚಿಕ್ಕಮ್ಮ ತನ್ನ ಪ್ರಶ್ನೆ ಕೇಳಿದಳು.

“ಪ್ರತಿ ವಾರ ಇದನ್ನೇ ಮಾಡ್ತೀವಿ” ಎಂದರು ಅವರು, ಮುಖ ಸಿಂಡರಿಸದೆ. “ಕಾಲು ಉಳಿಸಬಹುದು. ಆದರೆ ತೊಡೆಯ ಮುಂದಿನ ಸ್ನಾಯು ತುಂಬಾ ಹೋಗುತ್ತೆ. ನಡೀತೀರಿ. ಬ್ರೇಕ್ ಒತ್ತೋ ಬಲ ಬರಲ್ಲ.”

“ಮೊದಲೇ ನಿಮ್ಮ ಹತ್ರ ಬಂದಿದ್ರೆ?”

ಡಾಕ್ಟರಮ್ಮ ತಡವರಿಸಲಿಲ್ಲ. “ಉದ್ದಕ್ಕೆ ಕೊಯ್ಯಬೇಕಿತ್ತು, ಅಡ್ಡಕ್ಕೆ ಕೊಯ್ದಿದ್ದಾರೆ, ಗಡ್ಡೆ ಸುತ್ತಲೂ ಹರಡೋ ಹಾಗೆ ಮಾಡಿದ್ದಾರೆ. ಮೊದಲೇ ಬಂದಿದ್ರೆ ಇಷ್ಟು ತೆಗೀಬೇಕಾಗ್ತಿರಲಿಲ್ಲ. ಬಹುಶಃ ಕೆಲಸಕ್ಕೆ ಹೋಗ್ತಿದ್ರಿ.”

ಆಪರೇಷನ್ ಆಯಿತು. ಕಾಲು ಉಳಿಯಿತು. ಮನೆಗೆ ಹೊರಡುವ ದಿನ ಚಿಕ್ಕಮ್ಮ ಮಂಚದ ಅಂಚಿನಲ್ಲಿ ಕೂತು, ಎರಡೂ ಕೈಯಿಂದ ಬಲಗಾಲನ್ನೆತ್ತಿ ಚಪ್ಪಲಿಯೊಳಗೆ ಇಡುತ್ತಿದ್ದಳು. ಊರಿಗೆ ಹೋದ ತಕ್ಷಣ ಮೊದಲು ಆ ಸರ್ಜನ್ ಹತ್ತಿರ ಹೋಗುತ್ತೇನೆ, ಅವರು ಮಾಡಿದ್ದೇನೆಂದು ಮುಖಕ್ಕೆ ಮುಖ ಕೊಟ್ಟು ಹೇಳುತ್ತೇನೆ ಎಂದಳು.

“ಹೋಗ್ಲಿ ಬಿಡೇ” ಎಂದರು ಮಾವ. “ಜೀವ ಉಳೀತು, ಕಾಲು ಉಳೀತು. ನಾಳೆ ನಾನು ಮತ್ತೆ ಅವರ ಮುಖ ನೋಡ್ಬೇಕಲ್ವಾ?”

ಚಿಕ್ಕಮ್ಮ ತಲೆ ಎತ್ತಿದಳು. “ನೀನು ನೋಡ್ಬೇಕಾಗಿರೋದು ಅವರ ಮುಖ, ಅಣ್ಣ. ನಾನು ದಿನಾ ನೋಡ್ಬೇಕಾಗಿರೋದು ಈ ಕಾಲು.”